ಉಲ್ಕಾಶಿಲೆಯಲ್ಲಿ ಸಿಕ್ಕ ಸಾವಯವ ಅಣು ಆಕಾಶದಿಂದಲೇ ಬಂದದ್ದು ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ನೀಲಾಕಾಶ

ಉಲ್ಕಾಶಿಲೆಯಲ್ಲಿ ಅಮೈನೋ ಆಮ್ಲ ಸಿಕ್ಕಿತು, ಸಕ್ಕರೆ ಸಿಕ್ಕಿತು, ಡಿಎನ್‌ಎಯ ಘಟಕಗಳು ಸಿಕ್ಕವು ಎಂಬ ಸುದ್ದಿಗಳನ್ನು ಬಹಳ ಕಾಲದಿಂದ ಓದುತ್ತ ಬಂದಿದ್ದೇನೆ. ಓದಿದಾಗಲೆಲ್ಲ ಒಂದೇ ಸಂದೇಹ ಕಾಡುತ್ತದೆ. ಇಂಥ ಅಣುಗಳಿಲ್ಲದ ಜಾಗ ಭೂಮಿಯ ಮೇಲೆ ಎಲ್ಲೂ ಇಲ್ಲ. ನಮ್ಮ ಬೆರಳಚ್ಚಿನಲ್ಲಿ ಅಮೈನೋ ಆಮ್ಲವಿದೆ, ಮಣ್ಣಿನಲ್ಲಿದೆ, ಗಾಳಿಯಲ್ಲಿ ತೇಲುವ ಧೂಳಿನಲ್ಲೂ ಇದೆ. ಹೊಲದಲ್ಲೋ ಹಿಮದಲ್ಲೋ ಬಿದ್ದಿದ್ದು, ಯಾರೋ ಎತ್ತಿಕೊಂಡು, ಎಷ್ಟೋ ಕಾಲ ಗಾಜಿನ ಕಪಾಟಿನಲ್ಲಿದ್ದು, ಕೊನೆಗೆ ಪ್ರಯೋಗಾಲಯ ತಲುಪಿದ ಕಲ್ಲಿನೊಳಗೆ ಒಂದಿಷ್ಟು ಗ್ಲೈಸೀನ್ (ಅತ್ಯಂತ ಸರಳ ಅಮೈನೋ ಆಮ್ಲ) ಕಂಡರೆ, ಅದು ಆಕಾಶದ್ದೋ ಎತ್ತಿಕೊಂಡವರ ಕೈಯದ್ದೋ ಎಂದು ತೀರ್ಮಾನಿಸುವುದು ಯಾವ ಆಧಾರದ ಮೇಲೆ? ಜೊತೆಗೆ ಇನ್ನೊಂದು ಪ್ರಶ್ನೆ: ವಾತಾವರಣದಲ್ಲಿ ಉರಿಯುತ್ತ ಬೀಳುವ ಕಲ್ಲಿನಲ್ಲಿ ಇಷ್ಟು ಸೂಕ್ಷ್ಮವಾದ ಅಣುಗಳು ಸುಟ್ಟುಹೋಗದೆ ಉಳಿಯುವುದು ಹೇಗೆ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಶಿಲಾರೇಖೆ

ನೀಲಾಕಾಶ ಅವರೇ, ನಿಮ್ಮ ಎರಡನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸುತ್ತೇನೆ. ಕಲ್ಲು ವಾತಾವರಣವನ್ನು ಹಾದು ಬರುವ ಅವಧಿ ಕೆಲವೇ ಸೆಕೆಂಡುಗಳದ್ದು. ಆ ಅವಧಿಯಲ್ಲಿ ಅದರ ಮೇಲ್ಮೈ ಕರಗಿ ಹಾರಿಹೋಗುತ್ತದೆ. ಆದರೆ ಕಲ್ಲು ಶಾಖವನ್ನು ಒಳಗೆ ಸಾಗಿಸುವುದು ಬಹಳ ನಿಧಾನ. ಹೀಗಾಗಿ ಕರಗಿ ಗಟ್ಟಿಯಾದ ಕಪ್ಪು ಸಿಪ್ಪೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ, ಅದರ ಕೆಳಗಿನ ಭಾಗ ಬಾಹ್ಯಾಕಾಶದ ತಣ್ಣಗಿನ ಸ್ಥಿತಿಯಲ್ಲೇ ನೆಲ ಮುಟ್ಟುತ್ತದೆ. ಸಾವಯವ ವಸ್ತುವಿಗಾಗಿ ಮಾದರಿ ತೆಗೆಯುವವರು ಸಿಪ್ಪೆಯಿಂದ ದೂರವಿರುವ ಒಳಭಾಗವನ್ನೇ ಆರಿಸುವುದು ಇದೇ ಕಾರಣಕ್ಕೆ.

ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಉಲ್ಕಾಶಿಲೆಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಕಬ್ಬಿಣದ ಉಲ್ಕೆಗಳನ್ನು ಬಿಟ್ಟುಬಿಡಿ, ಕಾಂಡ್ರೈಟ್ ಎಂಬ ಕಲ್ಲಿನ ಉಲ್ಕೆಗಳಲ್ಲಿ ಸಾಮಾನ್ಯ ಬಗೆಯವುಗಳಲ್ಲೂ ಹೆಚ್ಚೇನೂ ಸಿಗುವುದಿಲ್ಲ. ನಮಗೆ ಬೇಕಾದದ್ದು ಇಂಗಾಲಯುಕ್ತ ಕಾಂಡ್ರೈಟ್‌ಗಳು, ಅವುಗಳಲ್ಲೂ ಸಿಎಂ, ಸಿಐ, ಸಿಆರ್ ಎಂಬ ಗುಂಪುಗಳು. ಇವುಗಳ ಮಾತೃಕಾಯದೊಳಗೆ, ಅಂದರೆ ಇವು ಒಡೆದು ಬಂದ ಕ್ಷುದ್ರಗ್ರಹದೊಳಗೆ, ಒಂದು ಕಾಲದಲ್ಲಿ ಮಂಜುಗಡ್ಡೆ ಕರಗಿ ನೀರು ಹರಿದು ಜೇಡಿ ಖನಿಜಗಳು ಹುಟ್ಟಿವೆ. 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮರ್ಚಿಸನ್ ಎಂಬಲ್ಲಿ ಬಿದ್ದ ಕಲ್ಲು ಸಿಎಂ ಗುಂಪಿನದು. ಅದರ ನೂರು ಕಿಲೋಗ್ರಾಮಿಗೂ ಹೆಚ್ಚು ತುಂಡುಗಳು ಸಿಕ್ಕವು. ಬಿದ್ದ ಜಾಗದಲ್ಲಿ ಮೆಥಿಲೇಟೆಡ್ ಸ್ಪಿರಿಟ್‌ನಂಥ ವಾಸನೆ ಬರುತ್ತಿತ್ತೆಂದು ಆಗ ಅಲ್ಲಿದ್ದವರು ಹೇಳಿದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ಮೆಕ್ಸಿಕೋದ ಅಯೆಂದೆ ಎಂಬಲ್ಲಿ ಇನ್ನೂ ಎಷ್ಟೋ ಪಟ್ಟು ಹೆಚ್ಚು ಕಲ್ಲುಗಳು ಬಿದ್ದವು. ಆದರೆ ಅವು ಮಾತೃಕಾಯದಲ್ಲಿಯೇ ಹೆಚ್ಚು ಕಾವಿಗೆ ಸಿಕ್ಕಿದ್ದವಾದ್ದರಿಂದ ಅವುಗಳಲ್ಲಿ ಅಮೈನೋ ಆಮ್ಲಗಳು ತೀರ ಕಡಿಮೆ. ಅಂದರೆ ಈ ಅಣುಗಳನ್ನು ನಾಶ ಮಾಡುವುದು ಬೀಳುವಾಗಿನ ಕೆಲವು ಸೆಕೆಂಡುಗಳ ಬೆಂಕಿಯಲ್ಲ, ಕ್ಷುದ್ರಗ್ರಹದ ಒಡಲಿನಲ್ಲಿ ಲಕ್ಷಾಂತರ ವರ್ಷ ಇದ್ದ ಕಾವು.

ಸಂಶಯವಾದಿ

ಮೊದಲ ಪ್ರಶ್ನೆಗೆ ಉತ್ತರ ಬರುವ ಮುನ್ನ ಈ ಕ್ಷೇತ್ರದ ಹಳೆಯ ಪಾಠಗಳನ್ನು ನೆನಪಿಸುವುದು ಅಗತ್ಯ ಎಂದು ನನಗೆ ಅನ್ನಿಸುತ್ತದೆ. 1806ರಲ್ಲಿ ಫ್ರಾನ್ಸಿನ ಅಲೈ ಎಂಬಲ್ಲಿ ಬಿದ್ದ ಕಲ್ಲನ್ನು 1834ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಪರೀಕ್ಷಿಸಿ, ಅದರಲ್ಲಿ ಇಂಗಾಲದ ಸಂಯುಕ್ತಗಳಿರುವುದನ್ನು ಕಂಡರು. ಅಷ್ಟರಿಂದಲೇ ಬೇರೆ ಲೋಕದಲ್ಲಿ ಜೀವವಿದೆ ಎಂದು ಹೇಳಲು ಅವರು ಒಪ್ಪಲಿಲ್ಲ. ಆ ಎಚ್ಚರವನ್ನು ಮುಂದಿನವರೆಲ್ಲ ಉಳಿಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು.

1864ರ ಮೇ 14ರಂದು ಫ್ರಾನ್ಸಿನ ಓರ್ಗೈ ಎಂಬಲ್ಲಿ ಬಿದ್ದ ಉಲ್ಕಾಶಿಲೆಯ ಒಂದು ತುಂಡು ಮುಚ್ಚಿದ ಗಾಜಿನ ಜಾಡಿಯಲ್ಲಿ ಸುಮಾರು ನೂರು ವರ್ಷ ಹಾಗೆಯೇ ಇತ್ತು. 1960ರ ದಶಕದಲ್ಲಿ ಅದನ್ನು ತೆರೆದು ನೋಡಿದಾಗ ಒಳಗೆ ಒಂದು ಜೊಂಡು ಸಸ್ಯದ ಬೀಜಗಳೂ ಕಲ್ಲಿದ್ದಲಿನ ಚೂರುಗಳೂ ಕಂಡವು. ಯಾರೋ ಆ ಕಲ್ಲನ್ನು ಒದ್ದೆ ಮಾಡಿ ಮೆತ್ತಗಾಗಿಸಿ, ಬೀಜಗಳನ್ನು ಒಳಗೆ ತೂರಿಸಿ, ಅಂಟು ಹಾಕಿ ಮುಚ್ಚಿ, ಮೇಲೆ ಕಪ್ಪು ಸಿಪ್ಪೆಯಂತೆ ಕಾಣುವ ಲೇಪ ಹಚ್ಚಿದ್ದರು. ಎಡ್ವರ್ಡ್ ಆಂಡರ್ಸ್ ಮತ್ತು ಸಂಗಡಿಗರು 1964ರಲ್ಲಿ ಈ ವಂಚನೆಯನ್ನು ಬಯಲಿಗೆಳೆದರು. ಕಲ್ಲು ಬಿದ್ದ ಕೆಲವೇ ವಾರಗಳ ಹಿಂದೆ ಜೀವವು ಜೀವದಿಂದಲೇ ಹುಟ್ಟುತ್ತದೆ ಎಂದು ಪಾಶ್ಚರ್ ಪ್ಯಾರಿಸ್ಸಿನಲ್ಲಿ ಹೆಸರುವಾಸಿಯಾದ ಉಪನ್ಯಾಸ ಕೊಟ್ಟಿದ್ದರು. ಆ ವಂಚನೆಗೆ ಇದೇ ಪ್ರೇರಣೆಯಾಗಿರಬಹುದೆಂಬ ಊಹೆಯಿದೆ. ಅದೇ ಓರ್ಗೈ ಕಲ್ಲಿನಲ್ಲಿ ಜೀವಿಗಳ ಪಳೆಯುಳಿಕೆಯಂಥ ರಚನೆಗಳಿವೆ ಎಂದು 1961ರಲ್ಲಿ ಬಂದ ವರದಿಯೂ ನಿಲ್ಲಲಿಲ್ಲ, ಅವುಗಳಲ್ಲಿ ಕೆಲವು ಭೂಮಿಯ ಸಸ್ಯದ ಪರಾಗಕಣಗಳಾಗಿದ್ದವು.

ಇನ್ನು ಅಂಟಾರ್ಕ್ಟಿಕಾದಲ್ಲಿ 1984ರಲ್ಲಿ ಸಿಕ್ಕ, ಮಂಗಳ ಗ್ರಹದಿಂದ ಬಂದ ಎಎಲ್‌ಎಚ್ 84001 ಎಂಬ ಕಲ್ಲು. ಅದರಲ್ಲಿ ಹಿಂದಿನ ಜೀವದ ಗುರುತುಗಳಿವೆ ಎಂದು 1996ರಲ್ಲಿ ಘೋಷಣೆಯಾದಾಗ ಜಗತ್ತೆಲ್ಲ ಅದೇ ಮಾತಾಯಿತು. ಎರಡು ವರ್ಷಗಳಲ್ಲಿ ಬೇರೆ ತಂಡಗಳು ಅದೇ ಕಲ್ಲಿನ ಸಾವಯವ ಇಂಗಾಲದ ಬಹುಪಾಲಿನಲ್ಲಿ ಭೂಮಿಯ ವಾತಾವರಣದಲ್ಲಿ ಹುಟ್ಟುವ ಇಂಗಾಲ-14 ಇರುವುದನ್ನು ತೋರಿಸಿದವು, ಅದರಲ್ಲಿದ್ದ ಅಮೈನೋ ಆಮ್ಲಗಳು ಸುತ್ತಲಿನ ಹಿಮದಲ್ಲಿರುವಂಥವೇ ಎಂದೂ ತಿಳಿಯಿತು. ಸುಮಾರು ಹದಿಮೂರು ಸಾವಿರ ವರ್ಷ ಹಿಮದಲ್ಲಿದ್ದ ಕಲ್ಲಿಗೆ ಹಿಮ ಕರಗಿದ ನೀರು ಇಳಿದಿತ್ತು. ಆದ್ದರಿಂದ ನೀಲಾಕಾಶ ಅವರ ಸಂದೇಹ ಪೂರ್ತಿ ನ್ಯಾಯವಾದದ್ದು. "ಸಿಕ್ಕಿತು" ಎಂಬುದು ಅರ್ಧ ಮಾತು ಮಾತ್ರ.

ಗಾಜಿನಕೊಳವೆ

ಉಲ್ಕಾಶಿಲೆಗಳಿಂದ ಅಮೈನೋ ಆಮ್ಲಗಳನ್ನು ಬೇರ್ಪಡಿಸುವ ವಿಧಾನದಲ್ಲಿ ನಾನು ಕೆಲಸ ಮಾಡಿದವಳು. ಸಂಶಯವಾದಿ ಅವರು ಹೇಳಿದ ಇತಿಹಾಸವೆಲ್ಲ ನಿಜ, ಆ ಇತಿಹಾಸದಿಂದಲೇ ಇಂದಿನ ಕ್ರಮ ರೂಪುಗೊಂಡಿದೆ. ಅದನ್ನು ನೋಡಿದಂತೆಯೇ ಹೇಳುತ್ತೇನೆ.

ಕೆಲಸ ಆರಂಭವಾಗುವುದು ಕಲ್ಲಿನಿಂದಲ್ಲ, ಪಾತ್ರೆಗಳಿಂದ. ಗಾಜಿನ ಕೊಳವೆಗಳು, ಪಿಪೆಟ್‌ಗಳು, ಪುಡಿ ಮಾಡುವ ಒರಳು, ಇವೆಲ್ಲವನ್ನೂ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ರಾತ್ರಿಯಿಡೀ ಐನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತೇವೆ, ಮೇಲೆ ಅಂಟಿದ್ದ ಸಾವಯವ ವಸ್ತುವೆಲ್ಲ ಸುಟ್ಟುಹೋಗಲಿ ಎಂದು. ಬಳಿಕ ಕಲ್ಲಿನ ಪುಡಿಯನ್ನು ಶುದ್ಧ ನೀರಿನೊಂದಿಗೆ ಗಾಜಿನ ಆಂಪೂಲಿನಲ್ಲಿಟ್ಟು, ಅದರ ಬಾಯನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚಿ, ನೂರು ಡಿಗ್ರಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಇಡುತ್ತೇವೆ. ಹೊರಬಂದ ದ್ರಾವಣದ ಒಂದು ಪಾಲನ್ನು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಲ್ಲಿ ಕಾಯಿಸಿದರೆ ಬೇರೆ ಅಣುಗಳೊಂದಿಗೆ ಬೆಸೆದುಕೊಂಡಿದ್ದ ಅಮೈನೋ ಆಮ್ಲಗಳೂ ಬಿಡುಗಡೆಯಾಗುತ್ತವೆ. ಕಲ್ಲಿನ ಜೊತೆಜೊತೆಗೆ, ಮೊದಲೇ ಕಾಯಿಸಿ ಶುದ್ಧಗೊಳಿಸಿದ ಸರ್ಪೆಂಟೈನ್ ಖನಿಜದ ಪುಡಿಯೂ ಇದೇ ಎಲ್ಲ ಹಂತಗಳನ್ನು ಹಾದು ಬರುತ್ತದೆ. ಇದನ್ನು ನಾವು ಬ್ಲ್ಯಾಂಕ್ ಎನ್ನುತ್ತೇವೆ. ಬ್ಲ್ಯಾಂಕ್‌ನಲ್ಲಿ ಏನಾದರೂ ಕಂಡರೆ ಅದು ನಮ್ಮದೇ ಕೊಳೆ. ಬ್ಲ್ಯಾಂಕ್ ಫಲಿತಾಂಶವನ್ನು ಕೊಡದ ಪ್ರಬಂಧವನ್ನು ನಾನು ಓದುವುದಿಲ್ಲ, ಇದನ್ನು ಕಠಿಣ ಮಾತೆಂದು ಯಾರಾದರೂ ತಿಳಿದರೂ ಚಿಂತೆಯಿಲ್ಲ.

ಕಲ್ಲು ಬಂದ ಚೀಲವನ್ನೂ ಪರೀಕ್ಷಿಸಬೇಕಾಗುತ್ತದೆ. ಅಂಟಾರ್ಕ್ಟಿಕಾದ ಉಲ್ಕಾಶಿಲೆಗಳಲ್ಲಿ 6-ಅಮೈನೋಹೆಕ್ಸಾನೋಯಿಕ್ ಆಮ್ಲ ಎಂಬ ಅಣು ಪದೇ ಪದೇ ಕಾಣಿಸುತ್ತಿತ್ತು. ಅದು ಆಕಾಶದ ಅಣುವಲ್ಲ, ಕಲ್ಲುಗಳನ್ನು ತುಂಬಿಟ್ಟಿದ್ದ ನೈಲಾನ್-6 ಚೀಲ ಒಡೆದು ಹುಟ್ಟುವ ಅಣು. ವೈಲ್ಡ್ 2 ಎಂಬ ಧೂಮಕೇತುವಿನ ಧೂಳನ್ನು 2006ರಲ್ಲಿ ಸ್ಟಾರ್‌ಡಸ್ಟ್ ನೌಕೆ ತಂದಾಗಲೂ ಇದೇ ಅಣು ಎದುರಾಯಿತು. ಆ ಮಾದರಿಯಲ್ಲಿ ಗ್ಲೈಸೀನ್ ಕೂಡ ಇತ್ತು. ಎರಡರ ಮೂಲ ಬೇರೆ ಎಂದು ತೋರಿಸಿದ್ದು ಇಂಗಾಲದ ಸಮಸ್ಥಾನಿಗಳು, ಅಂದರೆ ಒಂದೇ ಧಾತುವಿನ ಹಗುರ ಮತ್ತು ಭಾರದ ರೂಪಗಳು. ನೈಲಾನ್‌ನಿಂದ ಬಂದ ಅಣುವಿನಲ್ಲಿ ಇಂಗಾಲ-13ರ ಪ್ರಮಾಣ ಮಾನಕಕ್ಕಿಂತ ಸಾವಿರಕ್ಕೆ ಸುಮಾರು 25 ಪಾಲು ಕಡಿಮೆಯಿತ್ತು, ಗ್ಲೈಸೀನ್‌ನಲ್ಲಿ ಸುಮಾರು 29 ಪಾಲು ಹೆಚ್ಚಿತ್ತು. ಒಂದೇ ಮಾದರಿಯ ಎರಡು ಅಣುಗಳ ನಡುವೆ ಇಷ್ಟು ಅಂತರವಿದ್ದರೆ ಅವು ಒಂದೇ ಮೂಲದಿಂದ ಬಂದವು ಎನ್ನಲಾಗುವುದಿಲ್ಲ. ಧೂಮಕೇತುವಿನ ಗ್ಲೈಸೀನ್ 2009ರಲ್ಲಿ ದೃಢಪಟ್ಟದ್ದು ಹೀಗೆ.

ನೀಲಾಕಾಶ

ಗಾಜಿನಕೊಳವೆ ಅವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಆಕಾಶದ ಅಣುವಿನಲ್ಲಿ ಭಾರದ ಸಮಸ್ಥಾನಿಗಳು ಹೆಚ್ಚಿರಲು ಕಾರಣವೇನು? ಮತ್ತು ಸಮಸ್ಥಾನಿಗಳನ್ನು ಅಳೆಯಲು ಸಾಕಾಗುವಷ್ಟು ಮಾದರಿಯೇ ಇಲ್ಲದಿದ್ದರೆ ಬೇರೆ ಯಾವ ಸಾಕ್ಷ್ಯವನ್ನು ನಂಬಬಹುದು?

ಗಾಜಿನಕೊಳವೆ

ಕಾರಣ ಶೀತ. ನಕ್ಷತ್ರಗಳ ನಡುವಿನ ಅನಿಲ ಮೋಡಗಳಲ್ಲಿ ತಾಪಮಾನ ನಿರಪೇಕ್ಷ ಶೂನ್ಯಕ್ಕಿಂತ ಸುಮಾರು ಹತ್ತು ಡಿಗ್ರಿ ಮಾತ್ರ ಮೇಲಿರುತ್ತದೆ. ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಇರುವ ಬಂಧ ಸಾಮಾನ್ಯ ಹೈಡ್ರೋಜನ್ನಿನ ಬಂಧಕ್ಕಿಂತ ತುಸು ಗಟ್ಟಿ. ಬೆಚ್ಚಗಿನ ಜಾಗದಲ್ಲಿ ಲೆಕ್ಕಕ್ಕೇ ಬಾರದ ಈ ವ್ಯತ್ಯಾಸ ಅಂಥ ಚಳಿಯಲ್ಲಿ ದೊಡ್ಡದಾಗಿ, ಅಣುಗಳಲ್ಲಿ ಡ್ಯೂಟೀರಿಯಂ ಸೇರುತ್ತ ಹೋಗುತ್ತದೆ. ಮರ್ಚಿಸನ್ನಿನ ಅಮೈನೋ ಆಮ್ಲಗಳಲ್ಲಿ ಡ್ಯೂಟೀರಿಯಂ, ಇಂಗಾಲ-13, ಸಾರಜನಕ-15 ಮೂರೂ ಭೂಮಿಯ ಜೀವಿಗಳಲ್ಲಿರುವುದಕ್ಕಿಂತ ಹೆಚ್ಚಿವೆ. ಅಮೈನೋ ಆಮ್ಲಗಳು ಕೊನೆಯ ರೂಪ ಪಡೆದದ್ದು ಕ್ಷುದ್ರಗ್ರಹದೊಳಗಿನ ನೀರಿನಲ್ಲಿ ಇರಬಹುದು. ಆಲ್ಡಿಹೈಡ್ ಅಥವಾ ಕೀಟೋನ್, ಹೈಡ್ರೋಜನ್ ಸಯನೈಡ್, ಅಮೋನಿಯ ಇವು ನೀರಿನಲ್ಲಿ ಕೂಡಿದರೆ ಸ್ಟ್ರೆಕರ್ ಕ್ರಿಯೆಯಿಂದ ಅಮೈನೋ ಆಮ್ಲ ಬರುತ್ತದೆ. ಆದರೆ ಆ ಕಚ್ಚಾ ವಸ್ತುಗಳು ಹುಟ್ಟಿದ ಚಳಿಯ ಗುರುತು ಕೊನೆಯವರೆಗೂ ಉಳಿಯುತ್ತದೆ.

ಮಾದರಿ ಸಾಲದಿದ್ದಾಗ ನಾನು ಮೊದಲು ನೋಡುವುದು ಅಣುಗಳ ವೈವಿಧ್ಯವನ್ನು. ಜೀವಿಯು ತನಗೆ ಬೇಕಾದದ್ದನ್ನಷ್ಟೇ ತಯಾರಿಸುತ್ತದೆ, ಪ್ರೋಟೀನಿಗೆ ಇಪ್ಪತ್ತು ಅಮೈನೋ ಆಮ್ಲಗಳು ಸಾಕು. ರಾಸಾಯನಿಕ ಕ್ರಿಯೆಗೆ ಅಂಥ ಆಯ್ಕೆಯಿಲ್ಲ. ಐದು ಇಂಗಾಲದ ಅಮೈನೋ ಆಮ್ಲ ಎಂದರೆ ಕವಲೊಡೆದದ್ದು, ನೇರವಾದದ್ದು, ಅಮೈನೋ ಗುಂಪು ಬೇರೆ ಬೇರೆ ಜಾಗದಲ್ಲಿರುವುದು, ಹೀಗೆ ಸಾಧ್ಯವಿರುವ ರೂಪಗಳೆಲ್ಲ ಮರ್ಚಿಸನ್ನಿನ ಕ್ರೊಮ್ಯಾಟೋಗ್ರಾಮಿನಲ್ಲಿ, ಅಂದರೆ ಬೇರ್ಪಟ್ಟ ಅಣುಗಳನ್ನು ಶಿಖರಗಳಾಗಿ ತೋರಿಸುವ ನಕ್ಷೆಯಲ್ಲಿ, ಸಾಲಾಗಿ ಏಳುತ್ತವೆ. ಇಂಗಾಲದ ಸಂಖ್ಯೆ ಹೆಚ್ಚಿದಂತೆ ಪ್ರಮಾಣ ಇಳಿಯುತ್ತ ಹೋಗುತ್ತದೆ. 1970ರಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ಕ್ವೆನ್ವೋಲ್ಡನ್, ಪೊನ್ನಂಪೆರುಮ ಮತ್ತು ಸಂಗಡಿಗರು ಮರ್ಚಿಸನ್ನಿನ ಅಮೈನೋ ಆಮ್ಲಗಳನ್ನು ಪ್ರಕಟಿಸಿದಾಗ ಅವರ ಮಾತಿಗೆ ತೂಕ ಬಂದದ್ದು ಗ್ಲೈಸೀನ್‌ನಿಂದಲ್ಲ. ಪ್ರೋಟೀನಿನಲ್ಲಿ ಇಲ್ಲದ 2-ಮೀಥೈಲ್‌ಅಲನೀನ್ ಮತ್ತು ಸಾರ್ಕೋಸೀನ್ ಅಲ್ಲಿದ್ದವು, ಮತ್ತು ಅಲನೀನ್ ಎಂಬ ಅಮೈನೋ ಆಮ್ಲದ ಎಡಗೈ ರೂಪ, ಅದರ ಕನ್ನಡಿಬಿಂಬದಂಥ ಬಲಗೈ ರೂಪ ಎರಡೂ ಹೆಚ್ಚುಕಡಿಮೆ ಸಮನಾಗಿದ್ದವು. ಭೂಮಿಯ ಪ್ರೋಟೀನುಗಳಲ್ಲಿ ಇರುವುದು ಎಡಗೈ ರೂಪವಷ್ಟೇ. ಬೆರಳಿನಿಂದ ಅಂಟಿದ ಅಲನೀನ್ ಆಗಿದ್ದರೆ ಪಕ್ಕಪಕ್ಕದ ಎರಡು ಶಿಖರಗಳಲ್ಲಿ ಒಂದು ಎತ್ತರವಾಗಿ, ಇನ್ನೊಂದು ಇಲ್ಲವೆಂಬಷ್ಟು ಚಿಕ್ಕದಾಗಿ ಕಾಣಬೇಕಿತ್ತು. ಆ ತಂಡಕ್ಕೆ ಕಾಲವೂ ಅನುಕೂಲವಾಗಿತ್ತು. ಅಪೊಲೊ ತರುತ್ತಿದ್ದ ಚಂದ್ರನ ಮಣ್ಣಿಗಾಗಿ ಶುದ್ಧ ಪ್ರಯೋಗಾಲಯ ಆಗಲೇ ಸಿದ್ಧವಾಗಿತ್ತು.

ಜೀವರಸ

ಎಡಗೈ-ಬಲಗೈಗಳ ಮಾತು ಬಂದದ್ದರಿಂದ ಹೇಳುತ್ತೇನೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲೇ ಇದೆ. 1997ರಲ್ಲಿ ಕ್ರೋನಿನ್ ಮತ್ತು ಪಿಟ್ಸರೆಲ್ಲೊ ಅವರು ಮರ್ಚಿಸನ್ನಿನ ಕೆಲವು ಅಮೈನೋ ಆಮ್ಲಗಳಲ್ಲಿ ಎಡಗೈ ರೂಪ ಶೇಕಡ 2ರಿಂದ 9ರಷ್ಟು ಹೆಚ್ಚಿರುವುದನ್ನು ತೋರಿಸಿದರು. ಅವರು ಆರಿಸಿಕೊಂಡದ್ದು ಪ್ರೋಟೀನಿನ ಅಮೈನೋ ಆಮ್ಲಗಳನ್ನಲ್ಲ, ಭೂಮಿಯಲ್ಲಿ ಅಪರೂಪವಾದ, ಒಮ್ಮೆ ರೂಪುಗೊಂಡ ಮೇಲೆ ಎಡದಿಂದ ಬಲಕ್ಕೆ ಸುಲಭವಾಗಿ ಮಗುಚದ ಐಸೊವ್ಯಾಲೀನ್‌ನಂಥ ಅಣುಗಳನ್ನು. ಮುಂದೆ 2009ರಲ್ಲಿ ಗ್ಲೇವಿನ್ ಮತ್ತು ಡ್ವಾರ್ಕಿನ್ ಅವರು ಮರ್ಚಿಸನ್ನಿನ ಐಸೊವ್ಯಾಲೀನ್‌ನಲ್ಲಿ ಶೇಕಡ 18ರವರೆಗೆ, ಓರ್ಗೈ ಕಲ್ಲಿನಲ್ಲಿ ಸುಮಾರು ಶೇಕಡ 15ರಷ್ಟು ಎಡಗೈ ಹೆಚ್ಚಳವನ್ನು ಅಳೆದರು. ಕಲ್ಲು ಹೆಚ್ಚು ನೀರು ಕಂಡಷ್ಟೂ ಹೆಚ್ಚಳ ದೊಡ್ಡದಾಗುವಂತೆಯೂ ಕಂಡಿತು. ಜೀವ ಹುಟ್ಟುವ ಮುನ್ನವೇ ಎಡಗೈ ಕಡೆಗೆ ಒಂದು ವಾಲಿಕೆ ಪ್ರಕೃತಿಯಲ್ಲಿ ಇತ್ತೆಂದಾದರೆ, ನಮ್ಮ ದೇಹದ ಪ್ರೋಟೀನುಗಳೆಲ್ಲ ಎಡಗೈ ಅಮೈನೋ ಆಮ್ಲಗಳಿಂದಲೇ ಆಗಿರುವ ಒಗಟಿಗೆ ಒಂದು ಎಳೆ ಸಿಕ್ಕಂತೆ. ನೀಲಾಕಾಶ ಅವರ ಪ್ರಶ್ನೆಗೂ ಇದು ಸಂಬಂಧಿಸಿದ್ದು: ಎರಡು ರೂಪಗಳು ಸಮನಾಗಿರುವುದಷ್ಟೇ ಆಕಾಶದ ಗುರುತಲ್ಲ.

ಸಂಶಯವಾದಿ

ಜೀವರಸ ಅವರೇ, ಇಲ್ಲಿ ನಾನು ನಿಮ್ಮ ಜೊತೆ ಬರಲಾರೆ. ನೆಲಕ್ಕೆ ತಾಗದೆ ಬಂದ, ಇಂಗಾಲಯುಕ್ತ ಕ್ಷುದ್ರಗ್ರಹಗಳ ಮಾದರಿಗಳು ಈಗ ಎರಡಿವೆ. ಹಯಾಬುಸ 2 ನೌಕೆ 2020ರ ಡಿಸೆಂಬರಿನಲ್ಲಿ ರ್ಯುಗು ಕ್ಷುದ್ರಗ್ರಹದಿಂದ ಸುಮಾರು 5.4 ಗ್ರಾಂ ತಂದಿತು. ಒಸೈರಿಸ್-ರೆಕ್ಸ್ 2023ರ ಸೆಪ್ಟೆಂಬರ್ 24ರಂದು ಬೆನ್ನು ಕ್ಷುದ್ರಗ್ರಹದಿಂದ 121.6 ಗ್ರಾಂ ತಂದಿತು. ಬೆನ್ನುವಿನಲ್ಲಿ ಪ್ರೋಟೀನಿನ ಇಪ್ಪತ್ತರಲ್ಲಿ ಹದಿನಾಲ್ಕು ಅಮೈನೋ ಆಮ್ಲಗಳು, ಡಿಎನ್‌ಎ ಮತ್ತು ಆರ್‌ಎನ್‌ಎಗಳ ಐದೂ ನ್ಯೂಕ್ಲಿಯೋಬೇಸ್‌ಗಳು (ಆನುವಂಶಿಕ ಸಂಕೇತದ ಅಕ್ಷರಗಳಂಥ ಘಟಕಗಳು), ಜೊತೆಗೆ ಬಹಳಷ್ಟು ಅಮೋನಿಯ ಇವೆ ಎಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಆದರೆ ಎಡ-ಬಲ ರೂಪಗಳು ಹೆಚ್ಚುಕಡಿಮೆ ಸಮನಾಗಿವೆ. ರ್ಯುಗುವಿನಲ್ಲೂ ಹಾಗೆಯೇ. ಎರಡೂ ಕ್ಷುದ್ರಗ್ರಹಗಳು ನೀರು ಕಂಡವೇ. ನೀರು ಹೆಚ್ಚಾದಷ್ಟೂ ಎಡಗೈ ಹೆಚ್ಚುತ್ತದೆ ಎಂಬುದು ನಿಜವಾಗಿದ್ದರೆ ಅದು ಇವುಗಳಲ್ಲೇ ಮೊದಲು ಕಾಣಬೇಕಿತ್ತು. ಅಚ್ಚ ಮಾದರಿಯಲ್ಲಿ ಕಾಣದ ಹೆಚ್ಚಳ, ದಶಕಗಳ ಕಾಲ ಕಪಾಟಿನಲ್ಲಿದ್ದ ಮಾದರಿಯಲ್ಲಿ ಕಂಡರೆ, ನಾನು ಕಪಾಟನ್ನೇ ಅನುಮಾನಿಸುತ್ತೇನೆ.

ಶಿಲಾರೇಖೆ

ಈ ಚರ್ಚೆ ಪೂರ್ತಿಯಾಗಿ ಅಮೈನೋ ಆಮ್ಲಗಳ ಸುತ್ತಲೇ ನಡೆಯುತ್ತಿರುವುದರಿಂದ ಒಂದು ಮಾತನ್ನು ಸೇರಿಸಬೇಕಾಗಿದೆ. ಮರ್ಚಿಸನ್ನಿನ ತೂಕದಲ್ಲಿ ಇಂಗಾಲ ಸುಮಾರು ಶೇಕಡ 2ರಷ್ಟು. ಅಮೈನೋ ಆಮ್ಲಗಳೆಲ್ಲ ಸೇರಿದರೂ ಹತ್ತು ಲಕ್ಷಕ್ಕೆ ಕೆಲವು ಹತ್ತು ಪಾಲು ಮಾತ್ರ. ಸಾವಯವ ಇಂಗಾಲದ ಬಹುಭಾಗ ಯಾವ ದ್ರಾವಕದಲ್ಲೂ ಕರಗದ, ಉಂಗುರಾಕಾರದ ಇಂಗಾಲದ ಕಟ್ಟುಗಳು ಒಂದಕ್ಕೊಂದು ಹೆಣೆದುಕೊಂಡಿರುವ ಕಪ್ಪು ವಸ್ತು. ಅದನ್ನು ಹೊರತೆಗೆಯಬೇಕಾದರೆ ಹೈಡ್ರೋಫ್ಲೋರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳಲ್ಲಿ ಖನಿಜವನ್ನೆಲ್ಲ ಕರಗಿಸಿ, ಉಳಿದದ್ದನ್ನು ಸಂಗ್ರಹಿಸಬೇಕು. ಇದಕ್ಕೆ ಸುದ್ದಿಯಲ್ಲಿ ಜಾಗ ಸಿಗುವುದಿಲ್ಲ. ಆದರೆ ಡ್ಯೂಟೀರಿಯಂ ವಿಪರೀತ ಹೆಚ್ಚಿರುವ ಚುಕ್ಕೆಗಳು ಈ ವಸ್ತುವಿನಲ್ಲೇ ಸಿಗುತ್ತವೆ. ಬೆರಳಚ್ಚಾಗಲಿ ಹಿಮದ ನೀರಾಗಲಿ ಇಂಥದ್ದನ್ನು ಕಲ್ಲಿನ ಒಡಲಿನಲ್ಲಿ ತಂದು ಹೆಣೆಯಲಾರದು. ಆಕಾಶದ್ದೇ ಎಂದು ಅನುಮಾನವಿಲ್ಲದೆ ಹೇಳಬಹುದಾದ ಸಾವಯವ ವಸ್ತುವೆಂದರೆ ನನಗೆ ಇದೇ. ಕರಗುವ ಭಾಗವೂ ಬಡವಾದದ್ದೇನಲ್ಲ. 2010ರಲ್ಲಿ ಅತಿ ಸೂಕ್ಷ್ಮ ಮಾಸ್ ಸ್ಪೆಕ್ಟ್ರೋಮೀಟರಿನಿಂದ ನೋಡಿದಾಗ ಅದೇ ಮರ್ಚಿಸನ್ನಿನಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಭಿನ್ನ ಅಣುಸೂತ್ರಗಳು ಎದ್ದು ಬಂದವು.

ನೀಲಾಕಾಶ

ಹಾಗಾದರೆ ನ್ಯೂಕ್ಲಿಯೋಬೇಸ್‌ಗಳ ಕತೆ ಏನು? ಅವುಗಳಿಗೆ ಎಡಗೈ-ಬಲಗೈ ರೂಪಗಳಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲೂ ಅವು ಇದ್ದೇ ಇರುತ್ತವೆ.

ಗಾಜಿನಕೊಳವೆ

ಅವುಗಳ ವಿಷಯದಲ್ಲಿ ಬಹಳ ಕಾಲ ಅನುಮಾನ ಉಳಿದದ್ದು ನೀವು ಹೇಳಿದ ಕಾರಣಕ್ಕೇ. 2008ರಲ್ಲಿ ಮರ್ಚಿಸನ್ನಿನ ಯುರಾಸಿಲ್ ಮತ್ತು ಕ್ಸಾಂಥೀನ್‌ಗಳಲ್ಲಿ ಇಂಗಾಲ-13 ಹೆಚ್ಚಿರುವುದು ತಿಳಿಯಿತು. 2011ರಲ್ಲಿ ಇನ್ನೊಂದು ತಂಡ ಜಾಣ ಹಾದಿ ಹಿಡಿಯಿತು. ಭೂಮಿಯ ಜೀವರಾಸಾಯನಿಕ ವ್ಯವಸ್ಥೆಯಲ್ಲಿ ಇಲ್ಲವೆನ್ನುವಷ್ಟು ಅಪರೂಪವಾದ 2,6-ಡೈಅಮೈನೋಪ್ಯೂರೀನ್, 6,8-ಡೈಅಮೈನೋಪ್ಯೂರೀನ್‌ನಂಥ ಸೋದರ ಅಣುಗಳನ್ನು ಹುಡುಕಿ, ಅವು ಕಲ್ಲಿನಲ್ಲಿವೆ, ಆದರೆ ಮರ್ಚಿಸನ್ನಿನಲ್ಲಿ ಕಲ್ಲು ಬಿದ್ದ ಜಾಗದ ಮಣ್ಣಿನಲ್ಲಿ ಇಲ್ಲ, ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲೂ ಇಲ್ಲ ಎಂದು ತೋರಿಸಿತು. ಕಲ್ಲಿನ ಜೊತೆ ಸುತ್ತಲಿನ ಮಣ್ಣನ್ನೂ ಅಳೆಯುವುದು ಈಗ ರೂಢಿಯಾಗಿದೆ. 2000ದ ಜನವರಿ 18ರಂದು ಕೆನಡಾದ ಟ್ಯಾಗಿಶ್ ಸರೋವರದ ಮೇಲೆ ಬಿದ್ದ ಕಲ್ಲುಗಳ ಬೆಲೆಯೂ ಇದರಿಂದಲೇ. ಹೆಪ್ಪುಗಟ್ಟಿದ ಸರೋವರದ ಮೇಲಿಂದ ಬರಿಗೈ ತಾಗಿಸದೆ ಎತ್ತಿ, ಹಿಮಗಟ್ಟಿದ ಸ್ಥಿತಿಯಲ್ಲೇ ಅವುಗಳನ್ನು ಕಾಪಾಡಿಕೊಂಡು ಬರಲಾಗಿದೆ. 2022ರಲ್ಲಿ ಐದೂ ನ್ಯೂಕ್ಲಿಯೋಬೇಸ್‌ಗಳು ವರದಿಯಾದ ಮೂರು ಕಲ್ಲುಗಳಲ್ಲಿ ಟ್ಯಾಗಿಶ್ ಒಂದು, ಉಳಿದವು ಮರ್ಚಿಸನ್ ಮತ್ತು ಮರ್ರೆ. ಬೆನ್ನುವಿನ ಮಾದರಿಯಲ್ಲೂ ಐದೂ ಸಿಕ್ಕ ಮೇಲೆ ಮಣ್ಣಿನಿಂದ ಬಂದವು ಎಂಬ ವಾದಕ್ಕೆ ಹೆಚ್ಚು ಬಲ ಉಳಿದಿಲ್ಲ.

ಈಗ ಸಂಶಯವಾದಿ ಅವರು ಎತ್ತಿದ ಪ್ರಶ್ನೆ. ಬೆನ್ನುವಿನ ಫಲಿತಾಂಶ ಜೀವರಸ ಅವರ ಎಳೆಯನ್ನು ಸಡಿಲಿಸಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಮರ್ಚಿಸನ್ನಿನ ಹೆಚ್ಚಳವೆಲ್ಲ ಕಪಾಟಿನ ಕೊಳೆ ಎಂಬುದನ್ನು ಒಪ್ಪುವುದಿಲ್ಲ. ಐಸೊವ್ಯಾಲೀನ್ ಕೆಲವು ಶಿಲೀಂಧ್ರಗಳ ಪೆಪ್ಟೈಡ್‌ಗಳಲ್ಲಿ ಇದೆ ನಿಜ. ಆದರೆ ಅಂಥ ಶಿಲೀಂಧ್ರ ಬೆಳೆದು ಎಡಗೈ ಐಸೊವ್ಯಾಲೀನ್ ಸೇರಿತ್ತೆಂದರೆ, ಅದರ ಜೊತೆಗೆ ಪ್ರೋಟೀನಿನ ಅಮೈನೋ ಆಮ್ಲಗಳ ಎಡಗೈ ರೂಪವೂ ರಾಶಿಯಾಗಿ ಸೇರಿರಬೇಕು, ಅಲನೀನ್‌ನ ಎರಡು ಶಿಖರಗಳು ಸಮನಾಗಿ ಉಳಿಯಲಾರವು. ಇನ್ನು 2003ರಲ್ಲಿ ಪಿಟ್ಸರೆಲ್ಲೊ ಮತ್ತು ಸಂಗಡಿಗರು ಮರ್ಚಿಸನ್ನಿನ ಬೇರೆ ಬೇರೆ ತುಂಡುಗಳನ್ನು ಅಳೆದಾಗ ಐಸೊವ್ಯಾಲೀನ್‌ನ ಎಡಗೈ ಹೆಚ್ಚಳ ಸೊನ್ನೆಯಿಂದ ಶೇಕಡ 15ರವರೆಗೆ ಬದಲಾಗುತ್ತಿತ್ತು, ಮತ್ತು ಆ ಬದಲಾವಣೆ ನೀರು ಸೇರಿದ ಸಿಲಿಕೇಟ್ ಖನಿಜಗಳ ಪ್ರಮಾಣದೊಂದಿಗೆ ಹೊಂದಿಕೊಂಡಿತ್ತು. ಒಂದೇ ಕಲ್ಲಿನೊಳಗೆ ಇಷ್ಟು ವ್ಯತ್ಯಾಸವಿರುವಾಗ, ಕ್ಷುದ್ರಗ್ರಹವೊಂದರ ಮೇಲ್ಪದರದಿಂದ ಬಂದ ಸಣ್ಣ ಪಾಲಿನಲ್ಲಿ ಹೆಚ್ಚಳ ಕಾಣಲಿಲ್ಲವೆಂದು ಇಡೀ ಕಾಯದ ಬಗ್ಗೆ ತೀರ್ಪು ಕೊಡಲು ನನಗೆ ಧೈರ್ಯ ಬರುವುದಿಲ್ಲ.

ನನ್ನ ಮಟ್ಟಿಗೆ ಇದನ್ನು ಇತ್ಯರ್ಥ ಮಾಡುವ ಅಳತೆಯೊಂದಿದೆ. ಎಡಗೈ ಐಸೊವ್ಯಾಲೀನ್ ಮತ್ತು ಬಲಗೈ ಐಸೊವ್ಯಾಲೀನ್‌ಗಳನ್ನು ಬೇರ್ಪಡಿಸಿ, ಒಂದೊಂದರಲ್ಲೂ ಇಂಗಾಲ-13ರ ಪ್ರಮಾಣವನ್ನು ಪ್ರತ್ಯೇಕವಾಗಿ ನೋಡಬೇಕು. ಎರಡೂ ಒಂದೇ ಆಗಿ ಬಂದು, ಎರಡೂ ಭೂಮಿಯ ಜೀವಿಗಳ ಪ್ರಮಾಣಕ್ಕಿಂತ ಬಹಳ ಮೇಲಿದ್ದರೆ ಆ ಹೆಚ್ಚಳ ಕಲ್ಲಿನದೇ. ಎಡಗೈಯದ್ದು ಮಾತ್ರ ಕೆಳಗಿಳಿದಿದ್ದರೆ ಸಂಶಯವಾದಿ ಅವರ ಕಪಾಟು ಗೆದ್ದಂತೆ. ಒಂದೇ ಕಲ್ಲಿನ ಬೇರೆ ಬೇರೆ ಖನಿಜಭಾಗಗಳಿಂದ ತೆಗೆದ ತುಂಡುಗಳ ಮೇಲೆ ಇದನ್ನು ಮಾಡಬೇಕು, ಪುಡಿಯನ್ನೆಲ್ಲ ಬೆರೆಸಿ ಒಂದೇ ಅಳತೆ ತೆಗೆದರೆ ಪ್ರಯೋಜನವಿಲ್ಲ.

ಸಂಶಯವಾದಿ

ಈ ಪರೀಕ್ಷೆಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಒಂದು ಷರತ್ತಿನ ಮೇಲೆ. ಅಲನೀನ್‌ಗೂ ಅದೇ ತುಂಡಿನಲ್ಲಿ ಅದೇ ಅಳತೆ ಆಗಬೇಕು, ಮತ್ತು ಎರಡರ ಅಂಕಿಗಳನ್ನೂ ಬ್ಲ್ಯಾಂಕ್ ಜೊತೆಗೆ ಒಂದೇ ಕೋಷ್ಟಕದಲ್ಲಿ ಕೊಡಬೇಕು.

ಗಾಜಿನಕೊಳವೆ

ಒಪ್ಪಿದೆ. ಸರ್ಪೆಂಟೈನ್ ಬ್ಲ್ಯಾಂಕ್‌ನ ಸಾಲು ಆ ಕೋಷ್ಟಕದಲ್ಲಿ ಎಲ್ಲಕ್ಕಿಂತ ಮೇಲಿರಲಿ.